‘ಆ ಪುಟಗಳನ್ನ ತೆಗೀಬಹುದಾ?’

ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ನಮ್ಮ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಹೆಸರು, ಊರು ಬರೀಬೇಡಿ ಅಂದಿದ್ದಾಳೆ, ಬರೆಯಲ್ಲ. ನಾಲ್ಕು ವರ್ಷ ಹೆಣಗಾಡಿ ಒಂದು ಕಾದಂಬರಿ ಮುಗಿಸಿದ್ದಾಳೆ. ಹಾಸ್ಟೆಲಿನ ಗೆಳತಿಯೊಬ್ಬಳು ಅದರ ಮೊದಲ ಭಾಗವನ್ನ ಇಂಗ್ಲಿಷಿಗೆ ತಂದುಕೊಟ್ಟಿದ್ದಾಳೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ನಮ್ಮ ಬರೆಯುವ ಮಕ್ಕಳ ಬಾಯಲ್ಲಿ ‘ಲಿಟರರಿ ಏಜೆಂಟ್’ ಅನ್ನೋ ಮಾತು ಜಾಸ್ತಿ ಕೇಳಿಸ್ತಿದೆ. ನಮ್ಮ ತಲೆಮಾರಿಗೆ ಏಜೆಂಟ್ ಅಂದ್ರೆ ಎಲ್‌ಐಸಿಯವನು, ಇಲ್ಲಾ ಆರ್‌ಟಿಓ ಆಫೀಸಿನ ಮುಂದೆ ಫೈಲು ಹಿಡ್ಕೊಂಡು ನಿಂತಿರೋನು. ಕನ್ನಡದಲ್ಲಿ ಬರೆಯೋರು ಪ್ರಕಾಶಕರ ಹತ್ತಿರ ನೇರವಾಗಿ ಹೋಗ್ತೀವಿ, ಇಲ್ಲಾಂದ್ರೆ ಸಾಲ ಮಾಡಿ ನಾವೇ ಅಚ್ಚು ಹಾಕಿಸ್ತೀವಿ. ಇಂಗ್ಲಿಷಿನ ದೊಡ್ಡ ಪ್ರಕಾಶಕರಲ್ಲಿ ಬಹಳಷ್ಟು ಜನ ಏಜೆಂಟ್ ಮೂಲಕ ಬಾರದ ಹಸ್ತಪ್ರತಿಯನ್ನ ತೆಗೆದೂ ನೋಡಲ್ಲ.

ಅವಳು ಕ್ರಮವಾಗೇ ಕಳಿಸಿದ್ದಳು. ಒಂದು ಪುಟದ ಪತ್ರ, ಎರಡು ಪುಟದಲ್ಲಿ ಇಡೀ ಕತೆಯ ಸಾರಾಂಶ, ಮೊದಲ ಮೂರು ಅಧ್ಯಾಯ. ಮೂರು ತಿಂಗಳಾದ ಮೇಲೆ ಒಬ್ಬ ಏಜೆಂಟ್ ಉತ್ತರ ಬರೆದರು. ಚೆನ್ನಾಗಿದೆ, ಹೊಸ ದನಿ, ಇಡೀ ಕಾದಂಬರಿ ನೋಡಬೇಕು ಅಂತೆಲ್ಲ ಬರೆದು ಕೊನೆಗೆ ಒಂದು ‘ಆದರೆ’. ಮೊದಲ ಅಧ್ಯಾಯದಲ್ಲಿ ಕಥಾನಾಯಕಿಯ ಅಪ್ಪನನ್ನ ಕಳ್ಳತನದ ಅನುಮಾನದ ಮೇಲೆ ಪೊಲೀಸ್ ಸ್ಟೇಷನ್ನಿಗೆ ಎತ್ತಾಕ್ಕೊಂಡು ಹೋಗಿ ರಾತ್ರಿಯಿಡೀ ಹೊಡೀತಾರೆ. ಅದು ಶುರುವಿಗೇ ತುಂಬಾ ಭಾರ ಆಯ್ತು, ಓದುಗರು ಅಲ್ಲೇ ಪುಸ್ತಕ ಮುಚ್ಚಿಬಿಡ್ತಾರೆ, ಆ ಪುಟಗಳನ್ನ ತೆಗೆದು ಮುಂದೆಲ್ಲೋ ಸೂಚ್ಯವಾಗಿ ಹೇಳಬಹುದಾ?

“ಅಣ್ಣ, ತೆಗೆದುಬಿಡ್ಲಾ?” ಅಂತ ಕೇಳಿದಳು.

ತಕ್ಷಣಕ್ಕೆ ಏನೂ ಹೇಳಲಿಲ್ಲ. ನನ್ನ ತಲೆಯಲ್ಲಿ ಓಡ್ತಿದ್ದದ್ದು 1942ರ ನ್ಯೂಯಾರ್ಕ್. ಆವತ್ತು ಅವಳಿಗೆ ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತಾ ಇದೀನಿ.

ರಿಚರ್ಡ್ ರೈಟ್ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. 1908ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದವರು. ಅಜ್ಜ ಅಜ್ಜಿಯರು ಗುಲಾಮರಾಗಿದ್ದವರು, ಅಪ್ಪ ಗೇಣಿ ಒಕ್ಕಲು. ಮೆಂಫಿಸ್ ಊರಿನಲ್ಲಿ ಕೆಲಸಕ್ಕಿದ್ದಾಗ ಕಪ್ಪು ಜನಕ್ಕೆ ಲೈಬ್ರರಿಯಿಂದ ಪುಸ್ತಕ ಕೊಡ್ತಿರಲಿಲ್ಲ. ಹುಡುಗ ಒಬ್ಬ ಬಿಳಿಯ ಸಹೋದ್ಯೋಗಿಯ ಕಾರ್ಡು ಇಸ್ಕೊಂಡು, ಆ ಬಿಳಿಯನೇ ಬರೆದ ಹಾಗೆ ಚೀಟಿ ಬರೆದು, ‘ನಮ್ಮ ಯಜಮಾನರಿಗೆ ಪುಸ್ತಕ ಬೇಕಂತೆ’ ಅನ್ನೋ ಮುಖ ಮಾಡ್ಕೊಂಡು ನಿಂತು ಪುಸ್ತಕ ತಂದು ಓದಿದ. ಕೆರೆ ನೀರು ಮುಟ್ಟಬಾರದು ಅನ್ನಿಸಿಕೊಂಡವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ರೈಟ್ ಬರೆದ ಮೊದಲ ಕಾದಂಬರಿ ‘ಲಾಡ್ ಟುಡೇ’. 1930ರ ದಶಕದಲ್ಲಿ ಅದನ್ನ ಪ್ರಕಾಶಕರು ಒಬ್ಬರ ಹಿಂದೆ ಒಬ್ಬರು ವಾಪಸ್ ಕಳಿಸಿದರು. ಅದು ಅಚ್ಚಾದದ್ದು 1963ರಲ್ಲಿ, ಅವರು ತೀರಿಕೊಂಡು ಮೂರು ವರ್ಷ ಆದ ಮೇಲೆ. 1938ರಲ್ಲಿ ‘ಅಂಕಲ್ ಟಾಮ್ಸ್ ಚಿಲ್ಡ್ರನ್’ ಕತೆಗಳು ಬಂದವು. ಆ ಹೊತ್ತಿಗೆ ಅವರಿಗೊಬ್ಬ ಏಜೆಂಟ್ ಸಿಕ್ಕಿದ್ದರು, ಪಾಲ್ ರೆನಾಲ್ಡ್ಸ್. ಇವರ ಅಪ್ಪನೂ ಅದೇ ಕಸುಬಿನವರು. ಅಮೆರಿಕದಲ್ಲಿ ಈ ಕಸುಬನ್ನ ಶುರು ಮಾಡಿದವರ ಸಾಲಿನಲ್ಲಿ ಅವರ ಹೆಸರು ಮೊದಲಿಗೇ ಬರುತ್ತೆ. ಅವರಿಗಿಂತ ಮುಂಚೆ ಲಂಡನ್ನಿನಲ್ಲಿ ಎ. ಪಿ. ವ್ಯಾಟ್ ಅನ್ನೋರು ಲೇಖಕರ ಪರವಾಗಿ ಪ್ರಕಾಶಕರ ಜೊತೆ ಚೌಕಾಸಿ ಮಾಡಿ, ಬಂದದ್ದರಲ್ಲಿ ನೂರಕ್ಕೆ ಹತ್ತು ಇಟ್ಟುಕೊಳ್ಳುವ ಪದ್ಧತಿ ತಂದಿದ್ದರು. ಈಗ ಅದು ಸಾಮಾನ್ಯವಾಗಿ ಹದಿನೈದು. (ಹಸ್ತಪ್ರತಿ ಓದೋದಕ್ಕೇ ಮೊದಲು ದುಡ್ಡು ಹಾಕಿ ಅನ್ನೋನು ಏಜೆಂಟೇ ಅಲ್ಲ. ಬರೆಯುವ ಮಕ್ಕಳು ಇದನ್ನ ಬರೆದಿಟ್ಕೊಳ್ಳಿ.)

ರೆನಾಲ್ಡ್ಸ್ ಅವರನ್ನ ಖಳನಾಯಕ ಮಾಡೋಕೆ ನಾನು ಕೂತಿಲ್ಲ. ಒಬ್ಬ ಕಪ್ಪು ಲೇಖಕನ ಹಸ್ತಪ್ರತಿಯನ್ನ ಕಂಕುಳಲ್ಲಿಟ್ಟುಕೊಂಡು ಹಾರ್ಪರ್ ಅಂಥ ಕಂಪನಿಯ ಮೆಟ್ಟಿಲು ಹತ್ತಿದವರು ಅವರು. ಕರಾರುಪತ್ರ, ಮುಂಗಡ, ಸಿನಿಮಾ ನಾಟಕದ ಹಕ್ಕು ಇವನ್ನೆಲ್ಲ ಲೇಖಕ ಒಬ್ಬನೇ ಕೂತು ಮಾತಾಡೋಕೆ ಆಗಲ್ಲ, ಅದರಲ್ಲೂ ಆ ಮೇಜಿನ ಎದುರು ಅವನ ಜನ ಯಾರೂ ಯಾವತ್ತೂ ಕೂತಿಲ್ಲದಾಗ.

1940ರ ಮಾರ್ಚಿನಲ್ಲಿ ‘ನೇಟಿವ್ ಸನ್’ ಬಂತು. ಆ ಕಾಲಕ್ಕೆ ಅಮೆರಿಕದಲ್ಲಿ ‘ಬುಕ್ ಆಫ್ ದ ಮಂತ್ ಕ್ಲಬ್’ ಅಂತ ಒಂದಿತ್ತು. 1926ರಲ್ಲಿ ಶುರುವಾದದ್ದು. ತಿಂಗಳಿಗೊಂದು ಪುಸ್ತಕ ಆರಿಸಿ ಲಕ್ಷಾಂತರ ಮನೆಗೆ ಅಂಚೆಯಲ್ಲಿ ಕಳಿಸೋದು. ಆ ಪಟ್ಟಿಗೆ ಮುಖ್ಯ ಆಯ್ಕೆಯಾದ ಮೊದಲ ಕಪ್ಪು ಲೇಖಕ ರೈಟ್. ಪುಸ್ತಕ ಮೂರು ವಾರದಲ್ಲಿ 2 ಲಕ್ಷ ದಾಟಿತು. ಆದರೆ ಆಯ್ಕೆಗೆ ಮುಂಚೆ ಕ್ಲಬ್ಬು ಕೆಲವು ಜಾಗ ತೋರಿಸಿ ಬದಲಾಯಿಸಿ ಅಂದಿತ್ತು. ಸಿನಿಮಾ ಥಿಯೇಟರಿನ ದೃಶ್ಯ ಹೋಯ್ತು. ಬಿಳಿಯ ಶ್ರೀಮಂತನ ಮಗಳ ಬಗ್ಗೆ ಕಪ್ಪು ಹುಡುಗನಿಗಿದ್ದ ಆಸೆಯನ್ನ, ಅವಳಿಗೂ ಇವನ ಕಡೆ ಇದ್ದ ಸೆಳೆತವನ್ನ ತೆಳು ಮಾಡಿದರು. ರೈಟ್ ಒಪ್ಪಿಕೊಂಡರು. ಮೂಲಪಾಠ ಓದುಗರಿಗೆ ಸಿಕ್ಕಿದ್ದು 1991ರಲ್ಲಿ.

ಇದಕ್ಕಿಂತ ನನ್ನನ್ನ ಜಾಸ್ತಿ ಕಾಡೋದು ಅವರ ಆತ್ಮಕಥೆ. ಅದನ್ನ ಎರಡು ಭಾಗದಲ್ಲಿ ಬರೆದಿದ್ದರು. ಮೊದಲನೇದು ದಕ್ಷಿಣದ ಹಸಿವು, ಹೊಡೆತ, ಭಯ. ಎರಡನೇದು ಶಿಕಾಗೋ. ಅಂದ್ರೆ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಕಪ್ಪು ಹುಡುಗ ‘ಮುಂದುವರಿದ’ ಉತ್ತರದ ಊರಲ್ಲಿ ಅನುಭವಿಸಿದ್ದು, ಕಮ್ಯುನಿಸ್ಟ್ ಪಕ್ಷದೊಳಗೆ ಕಂಡದ್ದು. ಕ್ಲಬ್ಬಿನವರು ಮೊದಲ ಭಾಗ ಮಾತ್ರ ಸಾಕು ಅಂದರು. ಆಯ್ಕೆ ಸಮಿತಿಯ ಡೊರೊಥಿ ಕ್ಯಾನ್‌ಫೀಲ್ಡ್ ಫಿಶರ್ ಅನ್ನೋ ಹೆಂಗಸು, ಅಮೆರಿಕದ ಆದರ್ಶಗಳೂ ನಿಮಗೆ ಎಲ್ಲೋ ಒಂದು ಕಡೆ ಆಸರೆಯಾಗಿರಬೇಕಲ್ಲ, ಅದನ್ನೂ ಒಂದೆರಡು ಮಾತು ಸೇರಿಸಿ ಅಂತ ಪತ್ರ ಬರೆದು ಒತ್ತಾಯ ಮಾಡಿದರು. ರೈಟ್ ಆಕೆ ಬಯಸಿದ ಹಾಗೆ ಬರೆದುಕೊಡಲಿಲ್ಲ. ಅರ್ಧ ಪುಸ್ತಕ ಬಿಟ್ಟುಕೊಟ್ಟರು. 1945ರಲ್ಲಿ ‘ಬ್ಲ್ಯಾಕ್ ಬಾಯ್’ ಅಂತ ಬಂದದ್ದು ಆ ಮೊದಲರ್ಧ. ಉಳಿದರ್ಧ ಪುಸ್ತಕವಾಗಿದ್ದು 1977ರಲ್ಲಿ.

ಈ ಕತ್ತರಿಯ ಕೆಲಸ ನೋಡಿ. ಅಷ್ಟಕ್ಕೇ ನಿಂತರೆ ಪುಸ್ತಕ ಹುಡುಗ ಉತ್ತರದ ಕಡೆ ಹೊರಡೋದರಲ್ಲಿ ಮುಗಿಯುತ್ತೆ. ಕಷ್ಟ ಎಲ್ಲ ಹಿಂದೆ ಉಳೀತು, ಮುಂದೆ ಬೆಳಕಿದೆ. ನ್ಯೂಯಾರ್ಕಿನ ಬಿಳಿಯ ಓದುಗ ಕಣ್ಣೊರೆಸ್ಕೊಂಡು, ‘ಪಾಪ, ಆ ದಕ್ಷಿಣದವರು ಎಷ್ಟು ಕ್ರೂರಿಗಳು’ ಅಂತ ನೆಮ್ಮದಿಯಾಗಿ ಮಲಗಬಹುದು. ಎರಡನೇ ಭಾಗ ಇದ್ದಿದ್ರೆ ಆ ಮಾತು ಅವನ ಮನೆ ಬಾಗಿಲಿಗೇ ಬರ್ತಿತ್ತು.

ನಮ್ಮಲ್ಲೂ ಇದೇ ಅಲ್ವಾ? ಜಾತಿ ಅಂದ್ರೆ ಹಳ್ಳಿ, ಜಾತಿ ಅಂದ್ರೆ ನಮ್ಮಜ್ಜನ ಕಾಲ. ಹೋಟೆಲಿನಲ್ಲಿ ಬೇರೆ ಲೋಟ, ಗೌಡರ ಜಗುಲಿ, ಸತ್ತ ದನ. ಅಷ್ಟು ಬರೆದ್ರೆ ‘ಹಸಿ ಹಸಿ ಅನುಭವ, ಮಣ್ಣಿನ ವಾಸನೆ’ ಅಂತ ಬೆನ್ನು ತಟ್ತಾರೆ. ಅದೇ ಹುಡುಗ ಬೆಂಗಳೂರಿಗೆ ಬಂದು ಬಾಡಿಗೆ ಮನೆಗೆ ಅಲೆದದ್ದು, ಪಿಎಚ್‌ಡಿ ಗೈಡು ಸಹಿ ಹಾಕದೆ ಸತಾಯಿಸಿದ್ದು, ಪ್ರಗತಿಪರರ ಸಭೆಯಲ್ಲಿ ಕುರ್ಚಿ ಜೋಡಿಸೋಕೆ ಮಾತ್ರ ನೆನಪಾದದ್ದು ಬರೀಲಿ ನೋಡೋಣ. ‘ಇದು ಸ್ವಲ್ಪ ಎಳೆದ ಹಾಗಾಯ್ತು, ಮೊದಲರ್ಧ ಚೆನ್ನಾಗಿತ್ತು.’ ಈ ಮಾತು ನಾನೇ ಎಷ್ಟು ಸಲ ಕೇಳಿಸ್ಕೊಂಡಿದೀನಿ.

ಇನ್ನು 1942. ಎರಡು ದೊಡ್ಡ ಪುಸ್ತಕದ ನಡುವೆ ರೈಟ್ ಇನ್ನೊಂದು ಕಾದಂಬರಿ ಬರೆದಿದ್ದರು, ‘ದ ಮ್ಯಾನ್ ಹೂ ಲಿವ್ಡ್ ಅಂಡರ್‌ಗ್ರೌಂಡ್’. ಫ್ರೆಡ್ ಡೇನಿಯಲ್ಸ್ ಅನ್ನೋ ಕಪ್ಪು ಮನುಷ್ಯ, ಚರ್ಚಿಗೆ ಹೋಗೋನು, ಮನೆಯಲ್ಲಿ ತುಂಬು ಬಸುರಿ ಹೆಂಡತಿ. ಕೂಲಿ ದುಡ್ಡು ಜೇಬಲ್ಲಿಟ್ಕೊಂಡು ಮನೆಗೆ ಹೊರಟಿರುವಾಗ ಪೊಲೀಸರು ಹಿಡೀತಾರೆ. ಎರಡು ಕೊಲೆ ಅವನ ತಲೆಗೆ ಕಟ್ತಾರೆ. ಹೊಡೆದು ಬಡಿದು ಹೈರಾಣ ಮಾಡಿ ತಪ್ಪೊಪ್ಪಿಗೆಗೆ ಸಹಿ ಹಾಕಿಸ್ಕೊಳ್ತಾರೆ. ಅವನು ತಪ್ಪಿಸ್ಕೊಂಡು ಚರಂಡಿಯ ಮ್ಯಾನ್‌ಹೋಲಿಗೆ ಇಳಿದು ಊರಿನ ಕೆಳಗೇ ಬದುಕ್ತಾನೆ.

ಆಗ ರೈಟ್ ದೇಶಕ್ಕೇ ಗೊತ್ತಿದ್ದ ಹೆಸರು, ಲಕ್ಷಗಟ್ಟಲೆ ಪ್ರತಿ ಮಾರಿದ ಲೇಖಕ. ಏಜೆಂಟ್ ಕೈಯಿಂದಲೇ ಹಸ್ತಪ್ರತಿ ಹಾರ್ಪರಿಗೆ ಹೋಯ್ತು. ಹಾರ್ಪರ್ ಬೇಡ ಅಂತು. ಪೊಲೀಸರು ಹೊಡೆಯುವ ಭಾಗ ತಡ್ಕೊಳ್ಳೋಕೆ ಆಗಲ್ಲ ಅಂತ ಓದಿದವರೊಬ್ಬರು ಹೇಳಿದರು. 1944ರಲ್ಲಿ ಅದು ಸಣ್ಣದಾಗಿ, ಕತೆಯಾಗಿ, ಒಂದು ಸಂಕಲನದಲ್ಲಿ ಬಂತು. ಆ ರೂಪದಲ್ಲಿ ಪೊಲೀಸರ ಹೊಡೆತದ ಪುಟಗಳೇ ಇಲ್ಲ. ಕತೆ ಶುರುವಾಗೋದೇ ಓಡಿಬಂದವನೊಬ್ಬ ಚರಂಡಿಗೆ ಇಳಿಯೋದರಿಂದ.

ಆ ಪುಟ ಹೋದ ಮೇಲೆ ಕತೆಗೆ ಏನಾಯ್ತು ಅಂತ ಯೋಚನೆ ಮಾಡಿ. ಇವನು ಯಾಕೆ ಓಡ್ತಿದಾನೆ, ಏನು ಮಾಡ್ದ ಅನ್ನೋ ಪ್ರಶ್ನೆ ಓದುಗನಿಗೆ ಮೊದಲು ಬರುತ್ತೆ. ಅನುಮಾನ ಪೊಲೀಸರ ಮೇಲಿಂದ ಸರಿದು ಇವನ ಮೇಲೆ ಕೂರುತ್ತೆ. ವಿಮರ್ಶಕರು ದಶಕಗಟ್ಟಲೆ ಈ ಕತೆಯನ್ನ ದಾಸ್ತೊಯೆವ್‌ಸ್ಕಿ ಜೊತೆ ಇಟ್ಟು, ಅಸ್ತಿತ್ವವಾದ, ಮನುಷ್ಯನ ಒಂಟಿತನ ಅಂತೆಲ್ಲ ಬರೆದರು. ತಪ್ಪೇನಲ್ಲ, ಅದೂ ಅದರಲ್ಲಿದೆ. ಆದರೆ ಆ ಒಂಟಿತನ ಯಾವ ಲಾಠಿಯಿಂದ ಹುಟ್ಟಿತ್ತೋ ಅದು ಯೇಲ್ ವಿಶ್ವವಿದ್ಯಾಲಯದ ಲೈಬ್ರರಿಯ ಪೆಟ್ಟಿಗೆಯಲ್ಲಿತ್ತು.

ರೈಟ್ 1960ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು, 52 ವರ್ಷಕ್ಕೆ. ಇಡೀ ಕಾದಂಬರಿ ಹೊರಬರಬೇಕು ಅಂತ ಮಗಳು ಜೂಲಿಯಾ ರೈಟ್ ಹಟ ಹಿಡಿದರು. ಅದು ಅಚ್ಚಾಗಿದ್ದು 2021ರ ಏಪ್ರಿಲಿನಲ್ಲಿ, ಮಿನಿಯಾಪೊಲಿಸ್ಸಿನಲ್ಲಿ ಪೊಲೀಸನ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಸತ್ತು ಒಂದು ವರ್ಷ ತುಂಬೋಕೆ ಮುಂಚೆ. ಎಪ್ಪತ್ತೊಂಬತ್ತು ವರ್ಷ ಹಳೆಯ ಹಸ್ತಪ್ರತಿಯನ್ನ ಜನ ಅವತ್ತಿನ ಪೇಪರ್ ಓದಿದ ಹಾಗೆ ಓದಿದರು.

ಹಸ್ತಪ್ರತಿಗೂ ಓದುಗನಿಗೂ ನಡುವೆ ಹೀಗೆ ಒಬ್ಬರು ನಿಂತುಕೊಳ್ಳೋದು ರೈಟ್ ಕಾಲದಲ್ಲಿ ಶುರುವಾದದ್ದಲ್ಲ. 1772ರಲ್ಲಿ ಬಾಸ್ಟನ್ನಿನ ಫಿಲಿಸ್ ವೀಟ್ಲಿ ಅನ್ನೋ ಗುಲಾಮ ಹುಡುಗಿಯ ಕವಿತೆಗಳಿಗೆ ಆ ಊರಲ್ಲಿ ಸಾಕಷ್ಟು ಚಂದಾದಾರರು ಸಿಗಲಿಲ್ಲ. ಮರುವರ್ಷ ಲಂಡನ್ನಿನಲ್ಲಿ ಪುಸ್ತಕ ಅಚ್ಚಾದಾಗ, ಈ ಪದ್ಯಗಳನ್ನ ಇವಳೇ ಬರೆದದ್ದು ಅಂತ ಬಾಸ್ಟನ್ನಿನ 18 ಜನ ದೊಡ್ಡ ಮನುಷ್ಯರು ರುಜು ಹಾಕಿದ ಪತ್ರವನ್ನ ಅದರೊಳಗೆ ಸೇರಿಸಿದರು. ಗವರ್ನರ್ ಕೂಡ ರುಜು ಹಾಕಿದ್ದ. ಬಿಡುಗಡೆಯಾದ ಮೇಲೆ 1779ರಲ್ಲಿ ಆಕೆ ಎರಡನೇ ಪುಸ್ತಕಕ್ಕೆ ಚಂದಾ ಕೇಳಿದರು. ಯಾರೂ ಮುಂದೆ ಬರಲಿಲ್ಲ. ಆ ಹಸ್ತಪ್ರತಿ ಈವತ್ತಿಗೂ ಸಿಕ್ಕಿಲ್ಲ.

ಹ್ಯಾರಿಯೆಟ್ ಜೇಕಬ್ಸ್ ಕತೆ ಇನ್ನೂ ನಮಗೆ ಹತ್ತಿರದ್ದು. ಯಜಮಾನನಿಂದ ತಪ್ಪಿಸಿಕೊಳ್ಳೋಕೆ ಅಜ್ಜಿಮನೆಯ ಅಟ್ಟದಲ್ಲಿ, ಎದ್ದು ನಿಲ್ಲೋಕೂ ಆಗದ ಜಾಗದಲ್ಲಿ ಸುಮಾರು ಏಳು ವರ್ಷ ಅಡಗಿದ್ದ ಹೆಣ್ಣುಮಗಳು. ಅದನ್ನೆಲ್ಲ ಬರೆದು ತಂದಾಗ ಪ್ರಕಾಶಕರು ಕೇಳಿದ್ದು, ‘ಮುನ್ನುಡಿ ಯಾರದ್ದು?’ ಹೆಸರಾದ ಬಿಳಿಯರೊಬ್ಬರು ಬೇಕಿತ್ತು. ಕೊನೆಗೆ ಲಿಡಿಯಾ ಮರಿಯಾ ಚೈಲ್ಡ್ ಒಪ್ಪಿದರು, ಪುಸ್ತಕ ತಿದ್ದಿದರು. ಗುಲಾಮಗಿರಿಯ ವಿರುದ್ಧ ಆಯುಧ ಎತ್ತಿ ನೇಣಿಗೇರಿದ ಜಾನ್ ಬ್ರೌನ್ ಬಗ್ಗೆ ಇದ್ದ ಕೊನೆಯ ಅಧ್ಯಾಯವನ್ನ ಬಿಡಿ ಅಂದರು, ಅದು ಹೋಯ್ತು. ಅಷ್ಟರಲ್ಲಿ ಪ್ರಕಾಶಕರು ದಿವಾಳಿ ಎದ್ದರು. ಜೇಕಬ್ಸ್ ಅಚ್ಚಿನ ತಟ್ಟೆಗಳನ್ನ ದುಡ್ಡು ಕೊಟ್ಟು ಕೊಂಡು 1861ರಲ್ಲಿ ತಾವೇ ಹೊರತಂದರು. ಅಷ್ಟಾದರೂ ನೂರು ವರ್ಷಕ್ಕೂ ಹೆಚ್ಚು ಕಾಲ ವಿದ್ವಾಂಸರು ಅದನ್ನ ಚೈಲ್ಡ್ ಬರೆದ ಕಾದಂಬರಿ ಅಂತಲೇ ಅಂದ್ಕೊಂಡಿದ್ದರು. ಜೀನ್ ಫೇಗನ್ ಯೆಲಿನ್ ಅನ್ನೋ ಸಂಶೋಧಕಿ ಹಳೇ ಪತ್ರಗಳನ್ನ ಹುಡುಕಿ, 1987ರ ಆವೃತ್ತಿಯಲ್ಲಿ ಅದು ಜೇಕಬ್ಸ್ ಬರೆದದ್ದೇ ಅಂತ ಸಾಬೀತು ಮಾಡಬೇಕಾಯ್ತು.

ಮುನ್ನುಡಿ ಅಂದಾಗ ನಗು ಬರುತ್ತೆ. ನನ್ನ ಗೆಳೆಯನ ಮೊದಲ ಕವನ ಸಂಕಲನ ಹಿರಿಯರೊಬ್ಬರ ಮನೆಯಲ್ಲಿ ಮುನ್ನುಡಿಗೆ ಅಂತ ಒಂದೂವರೆ ವರ್ಷ ಕೂತಿತ್ತು. ನಾವಿಬ್ಬರೂ ಬಸ್ಸು ಹತ್ತಿ ಹೋಗಿ, ಕಾಫಿ ಕುಡಿದು, ‘ಆಯ್ತು ನೋಡೋಣ’ ಅನ್ನಿಸ್ಕೊಂಡು ವಾಪಸ್ ಬರ್ತಿದ್ವಿ. ಕೊನೆಗೆ ಬಂದ ಮುನ್ನುಡಿಯಲ್ಲಿ ಮುಕ್ಕಾಲು ಭಾಗ ಅವರ ಬಗ್ಗೆಯೇ ಇತ್ತು.

ಇನ್ನೊಂದು ಹಸ್ತಪ್ರತಿಯ ವಿಷಯ ಹೇಳಲೇಬೇಕು, ಯಾಕಂದ್ರೆ ಅದು ಭಾಷೆಯ ಜಗಳ. ಅಮೆರಿಕಕ್ಕೆ ಗುಲಾಮರನ್ನ ತುಂಬಿಕೊಂಡು ಬಂದ ಕೊನೆಯ ಹಡಗು ಕ್ಲೊಟಿಲ್ಡಾ, 1860ರಲ್ಲಿ. ಅದರಲ್ಲಿ ಬಂದಿದ್ದ ಕೊಸೊಲಾ ಅನ್ನೋ ಮುದುಕ ಅಲಬಾಮಾದಲ್ಲಿ ಇನ್ನೂ ಬದುಕಿದ್ದ. ಜೋರಾ ನೀಲ್ ಹರ್ಸ್ಟನ್ 1927ರಿಂದ ಅವನ ಹತ್ತಿರ ಹೋಗಿ, ಹಣ್ಣು ಕೊಟ್ಟು, ಜೊತೆಗೆ ಕೂತು, ಅವನು ಹೇಳಿದ್ದನ್ನ ಅವನ ಬಾಯಿಮಾತಿನಲ್ಲೇ ಬರೆದುಕೊಂಡರು. 1931ರಲ್ಲಿ ವೈಕಿಂಗ್ ಪ್ರಕಾಶನ ಆಸಕ್ತಿ ತೋರಿಸಿತು, ಆದರೆ ಅದನ್ನ ಆಡುಮಾತಲ್ಲಿ ಅಲ್ಲ, ‘ಭಾಷೆ’ಯಲ್ಲಿ ಬರೆದುಕೊಡಿ ಅಂತು. ಅಂದ್ರೆ ಮುದುಕ ಆಡಿದ್ದು ಭಾಷೆಯೇ ಅಲ್ಲ! ಹರ್ಸ್ಟನ್ ಬದಲಾಯಿಸಲಿಲ್ಲ. ‘ಬ್ಯಾರಕೂನ್’ ಅಚ್ಚಾಗಿದ್ದು 2018ರಲ್ಲಿ. ಹರ್ಸ್ಟನ್ 1960ರಲ್ಲೇ ಬಡತನದಲ್ಲಿ ತೀರಿಕೊಂಡಿದ್ದರು, ಗೋರಿಗೆ ಒಂದು ಕಲ್ಲೂ ಇರಲಿಲ್ಲ. ಸಾಮಾನಿನ ಜೊತೆ ಅವರ ಕಾಗದಪತ್ರಗಳಿಗೂ ಬೆಂಕಿ ಬಿದ್ದಿತ್ತು, ದಾರಿಯಲ್ಲಿ ಹೋಗ್ತಿದ್ದ ಪರಿಚಯದವರೊಬ್ಬರು ನೋಡಿ ಆರಿಸಿದರು. ಬೇಜಾರಿನ ವಿಷಯ ಏನಂದ್ರೆ, ಇದೇ ಹರ್ಸ್ಟನ್ ಕಾದಂಬರಿಯನ್ನ 1937ರಲ್ಲಿ ನಮ್ಮ ರೈಟ್ ಕಟುವಾಗಿ ಟೀಕಿಸಿ ಬರೆದಿದ್ದರು, ಇದರಲ್ಲಿ ಹುರುಳೇ ಇಲ್ಲ ಅನ್ನೋ ಅರ್ಥದಲ್ಲಿ. ಬಾಗಿಲು ಕಾಯೋರು ಹೊರಗಿನವರೇ ಆಗಿರಬೇಕಾಗಿಲ್ಲ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಬಂದಾಗ ನಂಜನಗೂಡು ಸೀಮೆಯ ಆ ಮಾತು ಅರ್ಥ ಆಗಲ್ಲ ಅಂತ ಗೊಣಗಿದವರು ಕನ್ನಡದಲ್ಲೂ ಇದ್ದರು. ನಮ್ಮ ಅವ್ವಂದಿರಿಗೆ ಓದಿ ಹೇಳಿದ್ರೆ ಅರ್ಥ ಆಗ್ತಿತ್ತು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸೂಸನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದ ಬಂದದ್ದು 2015ರಲ್ಲಿ, ಪ್ರಶಸ್ತಿ ಬಂದು ಇಪ್ಪತ್ತೈದು ವರ್ಷಕ್ಕೆ. ತಮಿಳಿನ ಬಾಮಾ ‘ಕರುಕ್ಕು’ವನ್ನ ಕೇರಿಯ ಮಾತಲ್ಲೇ ಬರೆದರು. 1992ರಲ್ಲಿ ಅದನ್ನ ಹೊರತಂದದ್ದು ಯಾವ ದೊಡ್ಡ ಪ್ರಕಾಶನವೂ ಅಲ್ಲ, ಮಧುರೈನ ಒಂದು ಸಂಸ್ಥೆ.

‘ಅಮೆರಿಕದ ಕತೆ ನಮಗ್ಯಾಕೆ’ ಅನ್ನೋ ಕಾಮೆಂಟ್ ಬರುತ್ತೆ ಅಂತ ಗೊತ್ತು. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ್ದು ಹಾರ್ಲೆಮ್ ಪಕ್ಕದ ಕೊಲಂಬಿಯಾದಲ್ಲಿ. 1946ರಲ್ಲಿ, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು, ಅವರು ಉತ್ತರವನ್ನೂ ಕೊಟ್ಟರು. 1972ರಲ್ಲಿ ಮುಂಬೈಯ ಹುಡುಗರು ದಲಿತ ಪ್ಯಾಂಥರ್ಸ್ ಅನ್ನೋ ಹೆಸರು ಎಲ್ಲಿಂದ ತಂದರು ಅಂತ ನಿಮಗೆಲ್ಲ ಗೊತ್ತೇ ಇದೆ.

ಇನ್ನು ‘ಆ ಪುಟ ತೆಗೀರಿ’ ಅನ್ನೋದು ಬಾಬಾಸಾಹೇಬರಿಗೂ ಬಂದ ಮಾತು. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ 1936ರ ತನ್ನ ವಾರ್ಷಿಕ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಅಂತ ಕರೆದಿತ್ತು. ಭಾಷಣದ ಪ್ರತಿ ಓದಿದ ಮೇಲೆ ವೇದ ಶಾಸ್ತ್ರಗಳ ಮೇಲಿನ ದಾಳಿ ಬೇಡ, ಹಿಂದೂ ಧರ್ಮ ಬಿಡ್ತೀನಿ ಅನ್ನೋದನ್ನ ಇಲ್ಲಿ ಹೇಳಬೇಡಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಾಯಿಸಲ್ಲ ಅಂತ ಬಾಬಾಸಾಹೇಬರು ಬರೆದರು. ಸಮ್ಮೇಳನವೇ ರದ್ದಾಯ್ತು. ಅವರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು, ಎರಡು ತಿಂಗಳಲ್ಲಿ ಖಾಲಿ. ‘ಜಾತಿ ವಿನಾಶ’ ನಮ್ಮ ಮನೆಗಳಲ್ಲಿರೋದು ಹಾಗೆ.

ಇದನ್ನೆಲ್ಲ ಹೇಳಿದಾಗ ಆ ಹುಡುಗಿ ಸುಮ್ಮನೆ ಕೇಳಿಸ್ಕೊಂಡಳು. ಆಮೇಲೆ, “ಬಾಬಾಸಾಹೇಬ್ರು ಸರಿ ಅಣ್ಣ. ಆದ್ರೆ ರೈಟ್ ಒಪ್ಕೊಂಡ್ರಲ್ಲ” ಅಂದಳು.

“ಹೂಂ, ಎರಡು ಸಲ ಒಪ್ಕೊಂಡ್ರು.”

“ಒಪ್ಕೊಳ್ಳದೇ ಇದ್ದಿದ್ರೆ ನೇಟಿವ್ ಸನ್ ನಿಮ್ಮ ಕೈವರೆಗೂ ಬರ್ತಿತ್ತಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಾನು ಅದನ್ನ ಮೊದಲು ಓದಿದ್ದು ಕತ್ತರಿಸಿದ ಪ್ರತಿಯಲ್ಲೇ. ಆ ಪ್ರತಿಯೇ ನನ್ನನ್ನ ಒಂದು ವಾರ ನಿದ್ದೆಗೆಡಿಸಿತ್ತು. ಮುಂಗಡದ ದುಡ್ಡು ಮನೆಗೆ ಬೇಕಿದ್ದವಳಿಗೆ ‘ಒಂದಕ್ಷರ ಬಿಡಬೇಡ’ ಅಂತ ಫೇಸ್‌ಬುಕ್ಕಲ್ಲಿ ಕೂತು ಹೇಳೋದು ನನಗೆ ಸುಲಭ. ಅದಕ್ಕೇ ಹೇಳಲಿಲ್ಲ. ಇಷ್ಟು ಮಾತ್ರ ಹೇಳಿದೆ: ಏನೇ ತೆಗೆದರೂ ಪೂರ್ತಿ ಪ್ರತಿಯನ್ನ ತಾರೀಖು ಹಾಕಿ ಮೂರು ಕಡೆ ಇಡು. ಅವರು ಯಾವುದನ್ನ ತೆಗಿ ಅಂದರು ಅನ್ನೋ ಪತ್ರವನ್ನೂ ಇಡು.

ಹೋದ ವಾರ ಅವಳು ಏಜೆಂಟಿಗೆ ಉತ್ತರ ಬರೆದು ನನಗೂ ಕಳಿಸಿದಳು. ಚೊಕ್ಕವಾಗಿ ಬರೆದಿದ್ದಾಳೆ. ಮೂರನೇ ಅಧ್ಯಾಯ ಉದ್ದವಾಗಿದೆ ಅಂದದ್ದು ನಿಜ, ಅದನ್ನ ಇಳಿಸ್ತೀನಿ. ಊರಹಬ್ಬದ ವಿವರಣೆ ಕಮ್ಮಿ ಮಾಡ್ತೀನಿ. ಸ್ಟೇಷನ್ನಿನ ರಾತ್ರಿ ಇರೋ ಜಾಗದಲ್ಲೇ ಇರುತ್ತೆ, ಅದಿಲ್ಲದೆ ಅಪ್ಪ ಆಮೇಲೆ ಯಾಕೆ ಮಾತಾಡಲ್ಲ ಅನ್ನೋದು ಯಾರಿಗೂ ಗೊತ್ತಾಗಲ್ಲ.

ಉತ್ತರ ಇನ್ನೂ ಬಂದಿಲ್ಲ. ಬರದೇನೂ ಇರಬಹುದು. ಅಲ್ಲಿವರೆಗೆ ಸುಮ್ಮನೆ ಯಾಕಿರೋದು ಅಂತ ಬರುವ ಭಾನುವಾರ ಸಂಜೆ ಗೆಳೆಯರ ಮನೆ ಮಾಳಿಗೆ ಮೇಲೆ ಕೂತು ಮೊದಲ ಅಧ್ಯಾಯ ಓದಿಸ್ತಾ ಇದೀವಿ, ಕನ್ನಡದ್ದೇ. ಅವಳ ಅಪ್ಪನೂ ಬರ್ತಾರಂತೆ. ಮೂವತ್ತು ಜನಕ್ಕೆ ಜಾಗ ಇದೆ. ಬರೋರು ಇನ್‌ಬಾಕ್ಸ್ ಮಾಡಿ.